ಸಾಹುಕಾರರ ಫಾರಿನ್ ಮಷೀನು

ಆದೋನಿಯಲ್ಲಿ ಕರೆಂಟಿನ ಸಾಮಾನು ರಿಪೇರಿ ಮಾಡುತ್ತಿದ್ದ ನನಗೆ ನಗುವ ಪ್ರಸಂಗಗಳಿಗೆ ಎಂದೂ ಬರ ಇರಲಿಲ್ಲ. ಸಾಮಾನನ್ನು ಸರಿ ಮಾಡಬಹುದು, ಅದರ ಸುತ್ತ ನಿಂತ ಮಂದಿಯನ್ನು ಏನು ಮಾಡುವುದು? ಎಂಬತ್ತರ ಸುಮಾರಿಗೆ ನಮ್ಮ ಓಣಿಯ ಹತ್ತಿ ಸಾಹುಕಾರರು ಬೊಂಬಾಯಿಯ ಹರಾಜಿನಲ್ಲಿ ಪಾತ್ರೆ ತೊಳೆಯುವ ಮಷೀನು ಹಿಡಿದು ತಂದರು. ಅದು ನೀರು ಕಾಸಿ, ಚಿಮ್ಮಿಸಿ ತೊಳೆಯಬೇಕು. ಚಿಮ್ಮಿಸುತ್ತಿತ್ತು, ಕಾಸುತ್ತಿರಲಿಲ್ಲ.

ಮಿಲ್ಲು ನಿಂತಿತು

ಪ್ಲಗ್ಗಿಗೆ ಬಲ್ಬು ಹಚ್ಚಿ ನೋಡಿದೆ. ಬೀಡಿಯ ತುದಿಯಷ್ಟು ಕೆಂಪಗಿತ್ತು.

"ವೋಲ್ಟೇಜ್ ಇಲ್ರಿ. ಹಿಂದ ನಿಮ್ಮ ಹತ್ತಿ ಮಿಲ್ಲು ಓಡಾಕತೈತಲ್ಲ, ಅದಾ ಎಲ್ಲಾ ಎಳಕೊಳ್ತೈತಿ" ಅಂದೆ.

"ಮಿಲ್ಲು ನಿಲ್ಲಸ್ರಿ" ಅಂತ ಸಾಹುಕಾರರು ಆಳನ್ನು ಓಡಿಸಿದರು. ಬಲ್ಬು ಬೆಳಗಿತು, ನೀರು ಮಾತ್ರ ತಣ್ಣಗೇ ಉಳಿಯಿತು. ಅಷ್ಟರಲ್ಲಿ ಕೆಲಸ ನಿಂತ ಮಿಲ್ಲಿನ ಮಂದಿಯೆಲ್ಲ ಕೂತು ಚಹಾ ಕುಡಿದರು. ಆ ಲೋಟಗಳೆಲ್ಲ ತೊಳೆಯಲು ಸಾಹುಕಾರರ ಮನೆಗೇ ಬಂದವು.

ಸತ್ತ ಹೀಟರಿನ ಬಿಸಿನೀರು

ಮರುದಿನ ಮಷೀನು ಬಿಚ್ಚಿದೆ. ಮೊದಲು ಯಾವ ಊರಲ್ಲಿತ್ತೋ, ಅಲ್ಲಿಯ ಗಡಸು ನೀರಿಗೆ ಹೀಟರಿನ ಮೇಲೆ ಸುಣ್ಣ ಕಟ್ಟಿ, ಒಳಗಿನ ತಂತಿಯ ಸುರುಳಿಯೇ ಹರಿದುಹೋಗಿತ್ತು.

"ಹೀಟರ್ ಸತ್ತೈತ್ರಿ" ಅಂದೆ.

ಸಾಹುಕಾರರು ಒಪ್ಪಲಿಲ್ಲ. "ಏನ್ ಸತ್ತೈತಪಾ? ಮುಂಜಾನಿ ನಾಲ್ಕು ಮಂದಿ ಮುಂದ ಮಷೀನಿನ ಬಾಗಿಲಾ ತೆಗದು ತೋರ್ಸೀನಿ. ಬಿಸಿನೀರಿಗೆ ಕೈ ಸುಟ್ಟೈತಿ ನಂದು."

ನಾನು ಹರಿದ ಸುರುಳಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಸಾಹುಕಾರರು ಹೊರಗೆ ಹೋದ ಮೇಲೆ ಸಾಹುಕಾರ್ತಿ ಮೆಲ್ಲಗೆ ಹೇಳಿದರು, "ಬಚ್ಚಲ ಹಂಡೇದಾಗಿಂದ ನಾನಾ ನೀರು ಹುಯ್ದಿದ್ದೆ. ಮಂದಿ ಮುಂದ ಇವರ ಮಾರಿ ಸಣ್ಣದಾಗಬಾರದಲ್ಲ?"

"ಹೋಗ್ಲಿ, ಪಾತ್ರಿ ಆದ್ರೂ ಚೊಲೊ ತೊಳೀತೈತ್ರಿ?"

"ನಾ ಮೊದಲಾ ತಿಕ್ಕಿ ತೊಳದು ಇಡ್ತೀನಿ. ಅಂಥಾ ಫಾರಿನ್ ಮಷೀನಿನಾಗ ಎಂಜಲ ಪಾತ್ರಿ ಹೆಂಗ ಇಡಬೇಕು?"

ಪತ್ತಿಕೊಂಡದ ಅಜ್ಜಿ

ಸಾಹುಕಾರರ ಮಗಳನ್ನು ನೋಡಲು ಪತ್ತಿಕೊಂಡದವರು ಬರುವವರಿದ್ದರು. ಅವರು ಬರುವಷ್ಟರಲ್ಲಿ ಮಷೀನು ನಡೆಯಲೇಬೇಕೆಂದು ಸಾಹುಕಾರರು ಹಟ ಹಿಡಿದರು. ಅದರ ಹೀಟರ್ ನಮ್ಮ ಕಡೆ ಎಲ್ಲಿ ಸಿಗಬೇಕು? ದೊಡ್ಡ ಗೀಸರಿನ ಹೀಟರ್ ಕೂರಿಸಿದೆ. ನೀರೇನೋ ಕುದಿಯಿತು. ಆದರೆ ಇದ್ದಬದ್ದ ಕರೆಂಟೆಲ್ಲ ಅದಕ್ಕೇ ಹೋಗಿ, ನೀರು ಚಿಮ್ಮಿಸುವ ಮೋಟಾರು ಗುಂಯ್ ಅನ್ನುತ್ತ ಕೂತುಬಿಟ್ಟಿತು. ಒಳಗೆ ಬರೀ ಹಬೆ.

ಸಾಹುಕಾರ್ತಿ ಇಣುಕಿ ನೋಡಿ, ಒಳಗೆ ಹೋಗಿ ಇಡ್ಲಿ ತಟ್ಟೆಗೆ ಹಿಟ್ಟು ಹುಯ್ದು ತಂದರು.

ಬೀಗರ ಮುಂದೆ ಮಷೀನಿನ ಬಾಗಿಲು ತೆಗೆದಾಗ ಮಲ್ಲಿಗೆಯಂಥ ಇಡ್ಲಿ. ಹುಡುಗನ ಅಜ್ಜಿ ಹೊಟ್ಟೆತುಂಬ ತಿಂದು, "ಹುಡುಗಿ ಒಪ್ಪಿಗಿ ಐತಿ. ಆಕಿ ಜೋಡಿ ಈ ಇಡ್ಲಿ ಮಷೀನೂ ಕಳಸ್ರಿ" ಅಂದರು. ಸಾಹುಕಾರರು ಹೂಂ ಅಂತ ತಲೆಯಾಡಿಸಿದರು. ಮದುವೆ ಆಯಿತು, ಮಷೀನು ಪತ್ತಿಕೊಂಡಕ್ಕೆ ಹೋಯಿತು.

ಸ್ವಲ್ಪ ದಿನಕ್ಕೆ ಮಷೀನು ಕೆಟ್ಟಿದೆಯೆಂದು ಅಜ್ಜಿ ಹೇಳಿಕಳಿಸಿದರು. ಬಸ್ಸು ಹತ್ತಿ ಹೋದೆ. ಆ ಮನೆಯಲ್ಲಿ ಕರೆಂಟು ಜೋರಾಗಿತ್ತು. ಹೀಟರ್ ಕಾಯುತ್ತಿತ್ತು, ಮೋಟಾರೂ ತಿರುಗುತ್ತಿತ್ತು.

"ಎಲ್ಲಾ ಸರಿ ಐತ್ರಿ ಅಜ್ಜಿ" ಅಂದೆ.

ಅಜ್ಜಿ ಒಳಗಿನಿಂದ ಇಡ್ಲಿ ತಟ್ಟೆ ತೆಗೆದು ನನ್ನ ಮುಂದೆ ಹಿಡಿದರು. ಕನ್ನಡಿಯಂತೆ ಹೊಳೆಯುತ್ತಿತ್ತು.

"ಏಮಯ್ಯಾ, ಇದರ ತುಂಬ ಹಿಟ್ಟು ಹುಯ್ದು ಇಟ್ಟಿದ್ದೆ. ಎಲ್ಲಾ ತಿಂದು, ತಟ್ಟಿ ತೊಳದು ಕೊಟ್ಟೈತಿ. ಇದಕ್ಕ ಸರಿ ಐತಿ ಅಂತೀಯೇನು?"