ಬಾಲಕ್ಕೆ ಮನೆ ಕಟ್ಟಿಕೊಂಡ ಷಡ್ಡಕರು

ನನ್ನ ಷಡ್ಡಕರಿಗೆ ಐರ್ಲೆಂಡಿನ ಉತ್ತರದ ಊರು ಲೆಟರ್‌ಕೆನ್ನಿಯಲ್ಲಿ ಒಳ್ಳೆಯ ಮನೆಯಿದೆ. ಅದಕ್ಕೆ ಚಕ್ರಗಳಿಲ್ಲ ಎಂಬುದೊಂದೇ ಅವರಿಗಿದ್ದ ಕೊರಗು!

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಲೋಕದ ಬೇರೆಲ್ಲ ನಂಟುಗಳಿಗೂ ಏನಾದರೊಂದು ಉಪಯೋಗವಿದೆ; ಈ ನಂಟಿಗಿರುವುದು ಒಂದೇ ಉಪಯೋಗ, ಹೋಲಿಕೆ. ಅವರು ಆಸ್ಪತ್ರೆಯಲ್ಲಿ ಡಾಕ್ಟರು. ನಾನು ದಕ್ಷಿಣದ ಕಾರ್ಕ್‌ನ ಲಿಟಲ್ ಐಲ್ಯಾಂಡಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರು. ಮೈಸೂರಿನ ನಮ್ಮ ಅತ್ತೆ ಹೊಸಬರಿಗೆ ಅವರನ್ನು ಪರಿಚಯಿಸುವುದು "ನಮ್ಮ ಡಾಕ್ಟ್ರು" ಅಂತ. ನನ್ನನ್ನು ಪರಿಚಯಿಸುವುದು "ಇವ್ರು ಕಂಪ್ಯೂಟರಲ್ಲಿ ಏನೋ ಮಾಡ್ತಾರೆ" ಅಂತ. ಇಷ್ಟು ಹೇಳಿದರೆ ನನ್ನ ಹೊಟ್ಟೆಯ ಸ್ಥಿತಿ ನಿಮಗೆ ತಿಳಿಯಿತಲ್ಲ?

ಕಳೆದ ವಸಂತದಲ್ಲಿ ಷಡ್ಡಕರು ಒಂದು ಹಳೆಯ ಕ್ಯಾರವಾನ್ ಕೊಂಡರು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆ. ಹೊರಗೆ ಹಸಿರು ಪಾಚಿ, ಒಳಗೆ ಯಾವ ಕಾಲದ್ದೋ ಹೂವಿನ ಪರದೆ. ಮಾರಿದ ಮುದುಕನ ಅಂಗಳದಲ್ಲಿಯೇ ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಕೊಕ್ಕೆಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದರಂತೆ. ಮುದುಕ ಜೇಬಿಗೆ ಕೈಹಾಕಿಕೊಂಡು ಎಲ್ಲವನ್ನೂ ನೋಡಿ, "ಇಷ್ಟು ವರ್ಷ ನಾನು ಬರೀ ಆಯಿಲ್ ಹಾಕ್ತಿದ್ದೆ" ಅಂದನಂತೆ!

ಕ್ಯಾರವಾನನ್ನು ಮುಂದಕ್ಕೆ ಎಳೆಯುವುದು ಸುಲಭ. ಹಿಂದಕ್ಕೆ ಬಿಡುವುದಿದೆಯಲ್ಲ, ಅದು ವಿದ್ಯೆ. ನೀವು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ಇದನ್ನು ಕಲಿಯಲು ನಮ್ಮವರು ಊಟದ ಮೇಜಿನ ಮೇಲೆ ಸಾರಿನ ಸೌಟಿಗೆ ಬೆಂಕಿಪೊಟ್ಟಣ ಕಟ್ಟಿಕೊಂಡು ವಾರಗಟ್ಟಲೆ ಅಭ್ಯಾಸ ಮಾಡಿದರು. ವಿಡಿಯೋ ಕರೆಯಲ್ಲಿ ನನಗೂ ತೋರಿಸಿದರು.

"ನೋಡಿ ಇಂಜಿನಿಯರ್ರೇ, ಥೇಟ್ ನಮ್ಮ ಜೂನಿಯರ್ ಡಾಕ್ಟ್ರುಗಳ ಥರ. ಎಡಕ್ಕೆ ಅಂದ್ರೆ ಬಲಕ್ಕೆ ಹೋಗ್ತಾವೆ. ಬೈಬಾರ್ದು, ನಿಧಾನಕ್ಕೆ ದಾರಿಗೆ ತರ್ಬೇಕು."

ನಾನು ಆಗಷ್ಟೇ ಎಲೆಕ್ಟ್ರಿಕ್ ಕಾರು ಕೊಂಡಿದ್ದೆ. ಸೀಟು ತಾನೇ ಬೆಚ್ಚಗಾಗುತ್ತದೆ, ಕಾರು ತಾನೇ ಪಾರ್ಕಾಗುತ್ತದೆ. ಅದನ್ನು ವಿಡಿಯೋದಲ್ಲಿ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಎಲ್ಲರಿಗೂ ಬೇಕಾದದ್ದು ಆ ಸೌಟು!

ಅತ್ತೆ ಆಗ ಮೈಸೂರಿನಿಂದ ಬಂದು ನಮ್ಮ ಮನೆಯಲ್ಲಿದ್ದರು. ನಾನು ಪಕ್ಕದ ಜಿಲ್ಲೆ ಕೆರ್ರಿಯಲ್ಲಿ ಸರೋವರ ಕಾಣುವ ಹೋಟೆಲನ್ನೇ ಹುಡುಕಿ ಕರೆದೆ. "ನೀವೆಲ್ಲ ಹೋಗ್ಬನ್ನಿ. ನಾನು ಮನೇಲೇ ಆರಾಮಾಗಿರ್ತೀನಿ" ಅಂದರು. ಇನ್ನೊಮ್ಮೆ ಕರೆದೆ. ಮಂಡಿ ನೋವು ಅಂದರು. ಮತ್ತೊಮ್ಮೆ ಕರೆದೆ. ಏಕಾದಶಿ ಅಂದರು. ಹಾಗೆ ಅವರು ಐರ್ಲೆಂಡಿನಲ್ಲಿ ನೋಡಿದ್ದು ನಮ್ಮ ಅಡುಗೆಮನೆ ಮತ್ತು ಪಕ್ಕದ ಮನೆಯ ಬೆಕ್ಕು.

ಆಮೇಲೆ ಷಡ್ಡಕರು ಫೋನ್ ಮಾಡಿದರು. "ಅಮ್ಮ, ಕ್ಯಾರವಾನ್ ತಗೊಂಡು ಬರ್ತಿದೀನಿ. ಬೆಟ್ಟ ನೋಡ್ಕೊಂಡ್ ಬರೋಣ." ಅತ್ತೆ ಆ ಕಡೆಯಿಂದ ಇನ್ನೇನು ಕೇಳಿಸಿಕೊಂಡರೋ, ಬಾಗಿಲು ಮುಚ್ಚಿಕೊಂಡು ಮಾತಾಡಿದರು. ಹೊರಗೆ ಬಂದವರೇ ಸೀರೆ ಮಡಿಸತೊಡಗಿದರು! ಮಂಡಿ ಎಲ್ಲಿ ಹೋಯಿತು? ಏಕಾದಶಿ ಎಲ್ಲಿ ಹೋಯಿತು? ನಾನು ಕಾರಿನ ಹತ್ತಿರ ಹೋಗಿ ಬೆಚ್ಚಗಿನ ಸೀಟಿನಲ್ಲಿ ಒಬ್ಬನೇ ಕೂತು ಇನ್ನಷ್ಟು ಬೆಚ್ಚಗಾದೆ.

ಲೆಟರ್‌ಕೆನ್ನಿಯಿಂದ ಕಾರ್ಕ್‌ಗೆ ಇಡೀ ದೇಶವನ್ನು ಉದ್ದಕ್ಕೆ ದಾಟಿ ಅವರು ಬಂದರು. ಅವರ ಹೆಂಡತಿಗೆ ಡ್ಯೂಟಿ, ಹಾಗಾಗಿ ಒಬ್ಬರೇ. ನಮ್ಮ ಬೀದಿಯ ಮಂದಿ ಕ್ಯಾರವಾನ್ ಸುತ್ತ ಸೇರಿದರು. ನನ್ನ ಕಾರು ಮನೆಗೆ ಬಂದ ದಿನ ಯಾರೂ ಪರದೆ ಕೂಡ ಸರಿಸಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಒಳಗೆಲ್ಲ ಓಡಾಡಿ ಬಂದು, "ಡ್ಯಾಡ್, ಇಟ್ಸ್ ಪ್ಯೂರ್ ಕ್ಲಾಸ್!" ಅಂದಳು.

"ನಮ್ಮ ಕಾರು?"

"ಇಟ್ಸ್ ಗ್ರ್ಯಾಂಡ್."

ಐರಿಷ್ ಮಕ್ಕಳ ಬಾಯಲ್ಲಿ ಗ್ರ್ಯಾಂಡ್ ಅಂದರೆ ಭವ್ಯ ಅಂತಲ್ಲ. 'ಏನೋ ಪರವಾಗಿಲ್ಲ, ಬಿಡು' ಅಂತ.

ಮರುದಿನ ಬೆಳಿಗ್ಗೆ ಹೊರಟೆವು. ಮುಂದಿನ ಸೀಟು ಅತ್ತೆಗೆ. ಹಿಂದೆ ಒಂದು ಕಡೆ ನನ್ನ ಹೆಂಡತಿ, ಇನ್ನೊಂದು ಕಡೆ ಮಗಳು, ನಡುವೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನಾನು. ಷಡ್ಡಕರು ಆರಿಸಿದ್ದು ಹೀಲಿ ಪಾಸ್. ಕಾರ್ಕ್‌ನಿಂದ ಕೆರ್ರಿಗೆ ಬೆಟ್ಟ ಹತ್ತಿ ಇಳಿಯುವ ದಾರಿ. ಹಾವು ಕೂಡ ಒಮ್ಮೆ ಯೋಚಿಸುವಂಥ ತಿರುವುಗಳು. ಎದುರಿಗೆ ಒಂದು ಕುರಿ ಬಂದರೂ ಇಬ್ಬರಲ್ಲೊಬ್ಬರು ಹಿಂದೆ ಸರಿಯಬೇಕು.

"ಡಾಕ್ಟ್ರೇ, ಈ ರೋಡಲ್ಲಿ ಇದನ್ನ ಎಳ್ಕೊಂಡು ಹೋಗೋದಾ?" ಅಂದೆ.

"ಬೆಟ್ಟ ಅಂದ್ಮೇಲೆ ಬೆಟ್ಟದ ಮೇಲೇ ಹೋಗ್ಬೇಕಲ್ವಾ?"

ಅತ್ತೆ ನಕ್ಕರು. ನಾನು ಹೇಳಿದ ಯಾವ ಮಾತಿಗೂ ಅವರು ಹಾಗೆ ನಕ್ಕಿದ್ದಿಲ್ಲ.

ಅರ್ಧ ಬೆಟ್ಟ ಹತ್ತಿದ್ದೆವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಹಿಂದೆ ಒಂದು ಟ್ರ್ಯಾಕ್ಟರು, ಅದರ ಹಿಂದೆ ಜರ್ಮನ್ ದಂಪತಿಯ ವ್ಯಾನು. ಅತ್ತೆ ಅಳಿಯನ ತೋಳನ್ನು ಮೆಲ್ಲಗೆ ಮುಟ್ಟಿದರು. ಅಷ್ಟೇ. ಷಡ್ಡಕರು ದಾರಿಯ ನಟ್ಟನಡುವೆ ಗಾಡಿ ನಿಲ್ಲಿಸಿ, ನಾಲ್ಕೂ ದೀಪ ಮಿನುಗಿಸಿ, "ಟೀ ಬ್ರೇಕ್!" ಅಂತ ಘೋಷಿಸಿದರು.

"ಇಲ್ಲೇನಾ? ರೋಡ್ ಮಧ್ಯದಲ್ಲಾ?" ನಾನು ಕಿರುಚಿದೆ.

ಅವರು ಕೇಳಿಸಿಕೊಳ್ಳಲಿಲ್ಲ. "ಅಮ್ಮ, ನೀವೇ ಬನ್ನಿ. ಸಕ್ಕರೆ ಎಲ್ಲಿದ್ಯೋ ನಂಗೊತ್ತಿಲ್ಲ" ಎನ್ನುತ್ತ ಅತ್ತೆಯ ಕೈಹಿಡಿದು ಕ್ಯಾರವಾನ್ ಹತ್ತಿಸಿ, ಗ್ಯಾಸ್ ಒಲೆ ಮತ್ತು ಕೆಟಲ್ ಹೊರಗೆ ತಂದು, ಹೊರಗಿನಿಂದ ಬಾಗಿಲು ಮುಚ್ಚಿದರು. ಟ್ರ್ಯಾಕ್ಟರಿನ ರೈತ ಇಳಿದು ಬಂದ. ಗಾಡಿ ಕೆಟ್ಟಿದೆಯಾ, ಎಳೆಯಲಾ ಅಂತ ಕೇಳಿದ.

"ಕೆಟ್ಟಿಲ್ಲ. ಶುಂಠಿ ಟೀ ಕುಡೀತೀರಾ?" ಅಂದರು ಇವರು, ಇಂಗ್ಲಿಷಿನಲ್ಲಿ.

ಈಗ ಬೈಗುಳ ಬರುತ್ತದೆ ಎಂದು ಕಾದೆ. ನಿಜ ಹೇಳಬೇಕೆಂದರೆ ಆಸೆಯಿಂದಲೇ ಕಾದೆ! ಆತ ಟೋಪಿ ಹಿಂದಕ್ಕೆ ಸರಿಸಿ, "ಶುಂಠಿ ಜಾಸ್ತಿ ಇರಲಿ" ಅಂದ. ಜರ್ಮನ್ನರು ಮಡಚುವ ಕುರ್ಚಿಗಳನ್ನೇ ತಂದರು. ಮಗಳು ಲೋಟ ಹಂಚಿದಳು. ಷಡ್ಡಕರು ಬೆಂಕಿಪೊಟ್ಟಣದ ಕತೆ ಹೇಳಿದರು. ನನ್ನ ಹೆಂಡತಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ದಾರಿ ತಡೆದು ನಿಂತ ಮನುಷ್ಯನಿಗೆ ಇಷ್ಟು ಮರ್ಯಾದೆ! ನಾನು ಹಿಂದಿನ ದಿನ ನಮ್ಮ ಬೀದಿಯಲ್ಲಿ ಅರೆಗಳಿಗೆ ಅಡ್ಡ ನಿಂತಿದ್ದಕ್ಕೆ ಮೂರು ಜನ ಹಾರ್ನ್ ಹೊಡೆದಿದ್ದರು.

ಸುಮ್ಮನೆ ನಿಲ್ಲಲಾರದೆ, "ಸಕ್ಕರೆ ನಾನು ತರ್ತೀನಿ" ಎಂದು ಕ್ಯಾರವಾನ್ ಬಾಗಿಲಿಗೆ ಕೈಹಾಕಿದೆ. ಷಡ್ಡಕರು ಕೆಟಲ್ ಬಿಟ್ಟು ಓಡಿಬಂದು ಅಡ್ಡ ನಿಂತರು.

"ಬೇಡ. ಸಕ್ಕರೆ ಇಲ್ಲೇ ಐತೆ." ಜಾಕೆಟ್ಟಿನ ಜೇಬಿನಿಂದ ಡಬ್ಬ ತೆಗೆದರು.

"ಮತ್ತೆ ಅತ್ತೆ ಒಳಗೇನು ಹುಡುಕ್ತಿದಾರೆ?"

ಅವರು ದನಿ ತಗ್ಗಿಸಿದರು. "ಇಂಜಿನಿಯರ್ರೇ, ಅವ್ರಿಗೆ ತುಂಬಾ ಹೊತ್ತು ತಡ್ಕೊಳ್ಳೋಕೆ ಆಗಲ್ಲ. ಹೆಣ್ಮಕ್ಕಳಿಗೂ ಹೇಳಿಲ್ಲ, ನಾಚಿಕೆ. ಹೊರಗೆ ಹೊರಟ್ರೆ ಒಂದು ಹನಿ ನೀರು ಮುಟ್ಟಲ್ಲ, ಗಮನಿಸಿದೀರಾ? ಅದಕ್ಕೇ ಎಲ್ಲೂ ಬರಲ್ಲ ಅನ್ನೋದು. ಬಾತ್ರೂಮು ಜೊತೇಲೇ ಬಂದ್ರೆ ಬೆಟ್ಟ ನೋಡ್ತಾರೆ ಅನ್ಕೊಂಡೆ. ಅಷ್ಟೇ."

ನಾನು ಬಾಗಿಲಿನಿಂದ ಕೈ ತೆಗೆದೆ. ತಿಂಗಳುಗಟ್ಟಲೆ ನನ್ನ ಮನೆಯಲ್ಲಿ, ನನ್ನ ಕಣ್ಣೆದುರೇ ಇದ್ದವರು. ನನಗೆ ಕಂಡದ್ದು ಏಕಾದಶಿ ಮಾತ್ರ.

ಒಳಗಿನಿಂದ ಬಾಗಿಲು ಬಡಿದ ಸದ್ದಾಯಿತು. ಷಡ್ಡಕರು ಕೈಕೊಟ್ಟು ಇಳಿಸಿಕೊಂಡರು. ಅತ್ತೆ ಸೆರಗು ಸರಿಮಾಡಿಕೊಂಡು, ಬಂಡೆಯ ಪಕ್ಕ ಹಾಕಿದ್ದ ಜರ್ಮನ್ ಕುರ್ಚಿಯಲ್ಲಿ ಕೂತು, ಕೆಳಗೆ ದೂರದ ಕೊಲ್ಲಿಯ ತನಕ ಹರಡಿದ್ದ ಕಣಿವೆಯನ್ನು ನೋಡಿದರು. ಮೋಡದ ನೆರಳು ಗುಡ್ಡದಿಂದ ಗುಡ್ಡಕ್ಕೆ ಜಾರುತ್ತಿತ್ತು. ನನ್ನ ಮಗಳು ಕೊಟ್ಟ ಟೀ ಕುಡಿಯುತ್ತ ಬಹಳ ಹೊತ್ತು ನೋಡಿದರು. ಆಮೇಲೆ ಖಾಲಿ ಲೋಟ ನನ್ನ ಕಡೆ ಚಾಚಿ, "ಇನ್ನೊಂದ್ ಲೋಟ ಕೊಡಿ, ತುಂಬ ಕೊಡಿ" ಅಂದರು. ನಾನು ತುಂಬಿಸಿದೆ.

ಸಂಜೆ ಕಡಲ ಪಕ್ಕದ ಕ್ಯಾಂಪಿನಲ್ಲಿ ತಂಗಿದೆವು. ಅತ್ತೆ, ಹೆಂಡತಿ, ಮಗಳು ನೀರಿನ ಅಂಚಿಗೆ ಹೋಗಿದ್ದರು. ಷಡ್ಡಕರು ಕ್ಯಾರವಾನಿನ ಹೊರಗೋಡೆಯ ಪುಟ್ಟ ಬಾಗಿಲು ತೆರೆದು, ಶೌಚದ ಪೆಟ್ಟಿಗೆಯನ್ನು ಹೊರಗೆಳೆದರು. ಕ್ಯಾಂಪಿನ ಆ ತುದಿಗೆ ಒಯ್ದು, ಸುರಿದು, ತೊಳೆದು ತರಬೇಕು.

ನಾನು ಹತ್ತಿರ ಹೋಗಿ, "ಕೊಡಿ ಇಲ್ಲಿ" ಅಂದೆ.

"ಬ್ಯಾಡ್ರೀ. ನಾತ ಹೊಡೆಯುತ್ತೆ. ನಂಗೆ ಆಸ್ಪತ್ರೆ ಅಭ್ಯಾಸ ಐತೆ."

"ಎಲ್ಲಾ ನೀವೇ ಮಾಡಿದ್ರೆ ಹೆಂಗೆ ಡಾಕ್ಟ್ರೇ? ನಾನೂ ಅಳಿಯನೇ ಅಲ್ವಾ?"

ನಾನು ಪೆಟ್ಟಿಗೆಯ ಒಂದು ಬದಿ ಹಿಡಿದುಕೊಂಡೆ. ಅವರು ಇನ್ನೊಂದು ಬದಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ತುಳುಕದ ಹಾಗೆ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು, ಒದ್ದೆ ಹುಲ್ಲಿನ ಮೇಲೆ ಇಬ್ಬರೂ ಹೊತ್ತುಕೊಂಡು ನಡೆದೆವು.