ದನದ ಡಾಕ್ಟರ ಬೈಕು ಮತ್ತು ಗುಂಡ್ಯದ ಗಾಳಿ

ಗ್ಯಾರೇಜು ಇಟ್ಟವನಿಗೆ ನಗಬೇಕಾದರೆ ನಾಟಕಕ್ಕೆ ಹೋಗಬೇಕಂತ ಇಲ್ಲ. ಬಾಗಿಲು ತೆಗೆದು ಕೂತರೆ ಸಾಕು, ನಾಟಕವೇ ಬೈಕು ತಳ್ಳಿಕೊಂಡು ಬರ್ತದೆ. ಐವತ್ತು-ಅರವತ್ತರ ದಶಕದಲ್ಲಿ ಪುತ್ತೂರಿನ ನನ್ನ ಗ್ಯಾರೇಜಿಗೆ ಹಾಗೆ ಬಂದವರಲ್ಲಿ ನನಗೆ ತುಂಬಾ ಬೇಕಾದವರು ಒಬ್ಬರು ದನದ ಡಾಕ್ಟರು. ಕಡಬದ ಕಡೆ ಅವರ ಕೆಲಸ. ಇಚಿಲಂಪಾಡಿಯ ಆಚೆ ಒಂದು ದನ ಕರು ಹಾಕಲಿಕ್ಕೆ ಒದ್ದಾಡ್ತಾ ಉಂಟು ಅಂತ ಸುದ್ದಿ ಬಂದರೆ, ಅಲ್ಲಿಗೆ ರಸ್ತೆ ಉಂಟಾ ಅಂತ ಕೇಳುವ ಜನ ಅಲ್ಲ. ಹೊಳೆಯಾದರೆ ಬೈಕು ಇಳಿಸುದು, ಬಂಡೆಯಾದರೆ ಹತ್ತಿಸುದು.

ಆಗ ಘಟ್ಟದ ಮೇಲಿನ ಕಾಫಿ ತೋಟದವರು ಗುಂಡ್ಯದ ಹೊಳೆಬದಿಯಲ್ಲಿ ಒಂದು ಬೈಕ್ ಸ್ಪರ್ಧೆ ಇಡ್ತಾರೆ ಅಂತ ಸುದ್ದಿಯಾಯಿತು. ಟ್ರಯಲ್ಸ್ ಅಂತ ಹೆಸರು. ಅದರಲ್ಲಿ ವೇಗಕ್ಕೆ ಬೆಲೆಯೇ ಇಲ್ಲ. ಬಂಡೆ, ಕೆಸರು, ನೀರು ಎಲ್ಲ ದಾಟಬೇಕು, ಕಾಲು ಮಾತ್ರ ನೆಲಕ್ಕೆ ತಾಗಬಾರದು. ತಾಗಿತೋ, ಮಾರ್ಕು ಹೋಯ್ತು.

"ಇದು ನಾನು ದಿನಾ ಮಾಡುದೇ ಅಲ್ವಾ ಮಾರಾಯ್ರೆ? ಇದಕ್ಕೆ ಕಪ್ ಬೇರೆ ಕೊಡ್ತಾರಾ?" ಅಂದರು ಡಾಕ್ಟರು. ಆ ಕಪ್ ನನ್ನ ಮೇಜಿನ ಮೇಲೆ ಕೂರಬೇಕು ಅಂತ ನನಗೂ ಹುಚ್ಚು ಹಿಡಿಯಿತು.

ಹಲ್ಲು ನೋಡಿ ಆರಿಸಿದ್ದು

ಅವರದ್ದು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೇ ಬೈಕು. ಅದಕ್ಕೆ ಬೇಕಾದ ಸಾಮಾನನ್ನು ನನ್ನ ಗುಜರಿ ರಾಶಿಯಿಂದ ಆರಿಸಬೇಕು. ಡಾಕ್ಟರು ಆರಿಸುವ ಚಂದವನ್ನು ನೋಡಬೇಕಿತ್ತು! ದನ ಕೊಳ್ಳುವವರ ಹಾಗೆ ತಟ್ಟುದು, ಸವರುದು, ದೂರ ನಿಂತು ನೋಡುದು. ಒಂದು ಹ್ಯಾಂಡಲ್ ಕೊಟ್ಟರೆ ಎರಡೂ ಕೈಯಲ್ಲಿ ಹಿಡಿದು, "ಇದರ ಕೊಂಬು ಸಣ್ಣದಾಯ್ತು, ಅಗಲ ಕೊಂಬಿಂದು ಕೊಡಿ" ಅಂದರು. ಅಗಲದ್ದು ಹಾಕಿ ನೋಡಿದೆ. ದೇವರಾಣೆ, ಬೈಕು ಹೇಳಿದ ಮಾತು ಕೇಳಲಿಕ್ಕೆ ಶುರುವಾಯಿತು.

ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲಿನ ಚಕ್ರ ಉಂಟಲ್ಲ, ಅದು ದೊಡ್ಡದಾದಷ್ಟು ವೇಗ ಕಡಿಮೆ, ಎಳೆಯುವ ಶಕ್ತಿ ಜಾಸ್ತಿ. ಡಾಕ್ಟರು ಒಂದೊಂದು ಹಲ್ಲನ್ನೂ ಬೆರಳಲ್ಲಿ ಮುಟ್ಟಿ, ಇದ್ದದ್ದರಲ್ಲೇ ದೊಡ್ಡದನ್ನು ಆರಿಸಿದರು. ಬೈಕು ಗೋಡೆ ಹತ್ತುವ ಹಾಗಾಯಿತು. ರಸ್ತೆಯಲ್ಲಿ ಮಾತ್ರ ತೆವಳಿತು.

ಸೋಮವಾರ ಸಂತೆಗೆ ತಲೆಯಲ್ಲಿ ಬದನೆಯ ಬುಟ್ಟಿ ಹೊತ್ತು ಒಬ್ಬಳು ಅಜ್ಜಿ ಹೋಗ್ತಾ ಇದ್ದಳು. ಡಾಕ್ಟರು ಪಕ್ಕದಲ್ಲಿ ನಿಲ್ಲಿಸಿ, "ಹತ್ತಿ ಅಜ್ಜಿ, ಪುತ್ತೂರಿಗೆ ಬಿಡ್ತೇನೆ" ಅಂದರು. ಅಜ್ಜಿ ಒಮ್ಮೆ ಬೈಕು ನೋಡಿ, "ಬೊಡ್ಚಿ ಮಗಾ, ಎಂಕ್ ಅಂಬೆರ್ಪು ಉಂಡು" ಅಂದಳಂತೆ. ಬೇಡ ಮಗಾ, ನನಗೆ ಅವಸರ ಉಂಟು ಅಂತ!

"ಅಜ್ಜಿ ಹೇಳಿದ್ದು ಸರಿ ಮಾರಾಯ್ರೆ," ಅಂದರು ಡಾಕ್ಟರು ಗ್ಯಾರೇಜಿಗೆ ಬಂದು. "ನಾನು ತಲುಪುವಾಗ ಅವಳ ಬದನೆ ಅರ್ಧ ಮಾರಿ ಆಗಿತ್ತು."

ಬೈಕಿಗೆ ಕಷಾಯ

ಹೊಳೆ ದಾಟುವಾಗ ಬೈಕು ನಡುನೀರಲ್ಲಿ ಕೆಮ್ಮಿ ನಿಂತುಬಿಡ್ತಿತ್ತು. ಇಂಜಿನು ಗಾಳಿ ಎಳೆಯುವ ಬಾಯಿ ಕೆಳಗೆ ಇದ್ದದ್ದರಿಂದ ನೀರು ಒಳಗೆ ಹೋಗುದು. ನಾನು ತಗಡು ಮುಚ್ಚಿದೆ, ರಬ್ಬರು ಸುತ್ತಿದೆ, ಎಂತ ಮಾಡಿದರೂ ಆಗಲಿಲ್ಲ.

ಡಾಕ್ಟರು ಒಂದು ದಿನ ದನಗಳಿಗೆ ಮದ್ದು ಕುಡಿಸುವ ಬಿದಿರಿನ ಗೊಟ್ಟ ತಂದರು. "ಎಮ್ಮೆ ನೀರಿಗಿಳಿದರೆ ಎಂತ ಮಾಡ್ತದೆ? ಮೂಗು ಮಾತ್ರ ಮೇಲೆ ಇಡ್ತದೆ. ಇದಕ್ಕೂ ಒಂದು ಮೂಗು ಇಡುವ." ಗೊಟ್ಟದ ತಳ ಕೊರೆದು, ಒಂದು ಕಡೆ ಇಂಜಿನಿಗೆ ಕೂರಿಸಿ, ಇನ್ನೊಂದು ತುದಿ ಹ್ಯಾಂಡಲಿನ ಎತ್ತರಕ್ಕೆ ಕಟ್ಟಿದೆವು. ಬೈಕು ಹೊಟ್ಟೆವರೆಗೆ ನೀರಲ್ಲಿ ಒಮ್ಮೆಯೂ ಕೆಮ್ಮದೆ ದಾಟಿತು. ಇಷ್ಟು ವರ್ಷ ಸ್ಪ್ಯಾನರ್ ಹಿಡಿದ ನನಗೆ ಹೊಳೆಯದ್ದು ಈ ಮನುಷ್ಯನಿಗೆ ಹೊಳೆಯಿತಲ್ಲ ಅಂತ ನನಗೆ ಖುಷಿಯೋ ಖುಷಿ.

ದಾರಿಯಲ್ಲಿ ಯಾರೋ ಗೊಟ್ಟ ನೋಡಿ, "ಬೈಕಿಗೂ ಕಷಾಯ ಕುಡಿಸ್ತೀರಾ ಡಾಕ್ಟ್ರೆ?" ಅಂತ ಕೇಳಿದರಂತೆ. ಇವರು ನಗಾಡದೆ, "ಹೌದು, ಸ್ವಲ್ಪ ಅಜೀರ್ಣ" ಅಂದರಂತೆ. ಮರುವಾರ ಆ ಪುಣ್ಯಾತ್ಮ ಕೆಟ್ಟ ಪಂಪ್‌ಸೆಟ್ಟನ್ನು ನನ್ನಲ್ಲಿಗೆ ತಾರದೆ ಗಾಡಿಯಲ್ಲಿ ಹೇರಿ ದನದ ಆಸ್ಪತ್ರೆಗೆ ತಕ್ಕೊಂಡು ಹೋದ.

ಎದ್ದು ನಿಲ್ಲುವ ಡಾಕ್ಟರು

ಬಂಡೆಯ ಮೇಲೆ ಕೂತು ಬೈಕು ಬಿಟ್ಟರೆ ಸೊಂಟವೂ ಹೋಗ್ತದೆ, ತೂಕವೂ ತಪ್ತದೆ. ಟ್ರಯಲ್ಸ್ ಬೈಕನ್ನು ನಿಂತುಕೊಂಡೇ ಬಿಡುದು. ಹಾಗಾಗಿ ಕಾಲಿಡುವ ಕಬ್ಬಿಣ ಅಗಲದ್ದು ಹಾಕಿದೆ, ದೊಡ್ಡ ಸೀಟು ತೆಗೆದು ಸೈಕಲಿನ ಸೀಟು ಕೂರಿಸಿದೆ. ಡಾಕ್ಟರು ಬೆಳಿಗ್ಗೆ ಬೆಳಿಗ್ಗೆ ಕೆದಂಬಾಡಿ ರಸ್ತೆಯಲ್ಲಿ ನಿಂತೇ ಬಿಡುವ ಅಭ್ಯಾಸ ಮಾಡಿದರು.

ಕೆದಂಬಾಡಿಯ ಹೆಡ್ ಮಾಷ್ಟ್ರು ಒಂದು ದಿನ ಗ್ಯಾರೇಜಿಗೆ ಬಂದರು. "ಈಗಿನ ಕಾಲದಲ್ಲಿ ಬೆಂಚಿನಲ್ಲಿ ಕೂತವರೇ ನಮ್ಮನ್ನು ಕಂಡು ಏಳುದಿಲ್ಲ. ನಿಮ್ಮ ಡಾಕ್ಟರು ಓಡುವ ಬೈಕಿನಲ್ಲಿ ಎದ್ದು ನಿಂತರು ಮಾರಾಯ್ರೆ! ತಿರುವು ದಾಟುವವರೆಗೂ ಕೂರಲಿಲ್ಲ!"

ಸಂಜೆ ಡಾಕ್ಟರನ್ನು ಕೇಳಿದೆ. "ಯಾವ ಮಾಷ್ಟ್ರು? ನನಗೆ ಕಂಡದ್ದು ರಸ್ತೆಯ ಕಲ್ಲು ಮಾತ್ರ" ಅಂದರು.

ಆದರೆ ಈ ಮಾಷ್ಟ್ರ ಮೆಚ್ಚುಗೆ ಸುಮ್ಮನೆ ಹೋಗಲಿಲ್ಲ. ಸುಳ್ಯದ ಕಡೆಯ ಒಬ್ಬರು ಕೃಷಿಕರ ಮನೆಗೆ ಡಾಕ್ಟರು ದನ ನೋಡಲಿಕ್ಕೆ ಹೋಗಿದ್ದಾಗ, ದನದ ಹಗ್ಗ ಹಿಡಿದು ನಿಂತದ್ದು ಆ ಮನೆಯ ಮಗಳು. ಅಂದಿನಿಂದ ಡಾಕ್ಟರ ಮನಸ್ಸು ಅಲ್ಲೇ. ಹುಡುಗಿಗೂ ಒಪ್ಪಿಗೆ. ಆ ಕೃಷಿಕರು ಮಾಷ್ಟ್ರ ಹಳೇ ಸ್ನೇಹಿತರು. ಮಾಷ್ಟ್ರೇ ಸಂಬಂಧದ ಮಾತು ಎತ್ತಿದರು.

ಕೃಷಿಕರು ತಲೆ ಆಡಿಸಿದರಂತೆ. "ಡಾಕ್ಟರು ಒಳ್ಳೆಯವರೇ. ಆದರೆ ಬೈಕಿನಲ್ಲಿ ಕೂತವನಿಗೆ ಹಿರಿಯರು ಕಿರಿಯರು ಅಂತ ಉಂಟಾ? ಮುಖಕ್ಕೆ ಧೂಳು ಹೊಡೆದು ಹೋಗುದು. ಅಂಥವನಿಗೆ ಮಗಳನ್ನು ಕೊಡುದಿಲ್ಲ."

"ಇವರು ಹಾಗಲ್ಲ, ಗುಂಡ್ಯಕ್ಕೆ ಬಂದು ನೀವೇ ನೋಡಿ" ಅಂದುಬಿಟ್ಟರು ಮಾಷ್ಟ್ರು.

ಇದು ಕೇಳಿ ಡಾಕ್ಟರ ಮುಖ ಸಪ್ಪೆಯಾಯಿತು. "ಕಪ್ ಆದರೆ ಬರುವ ವರ್ಷವೂ ಉಂಟು. ಅವಳು ಕೈತಪ್ಪಿದರೆ ಎಂತ ಮಾಡುದು?"

"ಬೈಕು ಬಿಟ್ಟೆ ಅಂತ ಹೇಳಿ ಮದುವೆ ಆಗಿ" ಅಂದೆ.

"ಬೈಕು ಬಿಟ್ಟರೆ ಇಚಿಲಂಪಾಡಿಯ ದನಗಳ ಗತಿ ಎಂತ?" ಅಂದರು. ಆ ಮಾತಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಗುಂಡ್ಯದ ಗಾಳಿ

ಟಯರಿನ ವಿಷಯ ಒಂದು ಹೇಳಬೇಕು. ಟ್ರಯಲ್ಸಿಗೆ ಟಯರಿನ ಗಾಳಿ ಇಳಿಸಿ ಮೆತ್ತಗೆ ಇಡುದು. ಆಗ ಅದು ಬಂಡೆಯನ್ನು ಕಚ್ಚಿ ಹಿಡಿಯುತ್ತದೆ. ಗಾಳಿ ತುಂಬಿದರೆ ಚೆಂಡಿನ ಹಾಗೆ ಪುಟಿಯುತ್ತದೆ. ನಾವು ತಿಂಗಳುಗಟ್ಟಲೆ ಒತ್ತಿ ನೋಡಿ ನೋಡಿ ಹದ ಕಂಡುಕೊಂಡಿದ್ದೆವು.

ಸ್ಪರ್ಧೆಯ ದಿನ ಬೆಳಿಗ್ಗೆಯಿಂದ ಡಾಕ್ಟರ ಕಾಲು ಒಮ್ಮೆಯೂ ನೆಲ ಮುಟ್ಟಲಿಲ್ಲ. ತೋಟದ ದೊರೆಗಳ ಹೊಸ ಬೈಕುಗಳೆಲ್ಲ ಕೆಸರಲ್ಲಿ ಹೊರಳಾಡಿದವು. ಉಳಿದದ್ದು ಕೊನೆಯ ಬಂಡೆ ಮಾತ್ರ. ಅದನ್ನು ದಾಟಿದರೆ ಕಪ್ ನಮ್ಮದು. ನಡುವೆ ಬಿಡುವು ಕೊಟ್ಟರು. ಡಾಕ್ಟರು ಹೋಟೆಲಿನ ಪಕ್ಕದ ಸೈಕಲ್ ಶಾಪಿಗೆ ಬೈಕು ಒರಗಿಸಿ ಚಾ ಕುಡಿಯಲಿಕ್ಕೆ ಹೋದರು. ನಾನು ಮಾಷ್ಟ್ರನ್ನೂ ಕೃಷಿಕರನ್ನೂ ಕರಕೊಂಡು ಬಂಡೆಯ ಹತ್ತಿರ ನಿಂತೆ.

ಹೆಸರು ಕರೆದರು. ಡಾಕ್ಟರು ಓಡಿ ಬಂದು ಬೈಕು ಹತ್ತಿ ಹೊಳೆಗೆ ಇಳಿಸಿಯೇಬಿಟ್ಟರು. ಗೊಟ್ಟದ ಮೂಗು ಎತ್ತಿಕೊಂಡು ಬೈಕು ನೀರು ದಾಟಿತು. ಡಾಕ್ಟರು ನೆಟ್ಟಗೆ ನಿಂತಿದ್ದರು.

"ನೋಡಿ, ನಿಮ್ಮನ್ನು ಕಂಡು ಎದ್ದರು!" ಅಂದರು ಮಾಷ್ಟ್ರು. ಕೃಷಿಕರು ಕಂಕುಳಿನ ಕೊಡೆಯನ್ನು ಸರಿಮಾಡಿಕೊಂಡರು.

ನಾನು ಟಯರು ನೋಡಿದೆ. ಎರಡೂ ಬಿಗಿಯಾಗಿ ಉಬ್ಬಿ ನಿಂತಿದ್ದವು! ಪಕ್ಕದಲ್ಲೇ ಸೈಕಲ್ ಶಾಪಿನವ ಪಂಪು ಹಿಡಿದು ಹಲ್ಲು ಬಿಡ್ತಾ ಇದ್ದ. "ಎರಡರಲ್ಲೂ ಗಾಳಿಯೇ ಇರಲಿಲ್ಲ ಮಾರಾಯ್ರೆ. ನಮ್ಮೂರಿನವರು ಗೆಲ್ಲುವಾಗ ನಾನು ನೋಡಿಕೊಂಡು ಕೂರ್ತೇನಾ? ಕಲ್ಲಿನ ಹಾಗೆ ಮಾಡಿದ್ದೇನೆ!"

ಅಷ್ಟರಲ್ಲಿ ಬೈಕು ಬಂಡೆಯ ನೆತ್ತಿಗೆ ಬಂತು. ಇಷ್ಟು ಹೊತ್ತು ಒಬ್ಬ ಡಾಕ್ಟರು ತನಗಾಗಿ ನಿಂತೇ ಇದ್ದಾರಲ್ಲ ಅಂತ ಕೃಷಿಕರಿಗೆ ತಡೆಯಲಿಲ್ಲ. ಕೈ ಎತ್ತಿ, "ಸಾಕು ಸಾಕು, ಕೂತ್ಕೊಳ್ಳಿ ಮಾರಾಯ್ರೆ, ಕೂತ್ಕೊಳ್ಳಿ!" ಅಂತ ಕೂಗಿದರು.

ಅದೇ ಕ್ಷಣಕ್ಕೆ ಟಯರು ಪುಟಿಯಿತು. ಡಾಕ್ಟರು ದಡಕ್ಕಂತ ಸೀಟಿನ ಮೇಲೆ ಕೂತರು. ಬೈಕು ವಾಲಿತು, ಕಾಲು ನೆಲಕ್ಕೆ ಬಂತು. ಪೀಪಿ ಊದಿದರು. ಕಪ್ ಹೋಯಿತು. ನಾನು ತಲೆಗೆ ಕೈಯಿಟ್ಟು ಅಲ್ಲೇ ಕೂತೆ.

ಕೃಷಿಕರ ಕಣ್ಣಲ್ಲಿ ನೀರು. "ಹೇಳುವವರೆಗೆ ಕೂರಲಿಲ್ಲ. ಹೇಳಿದ ಕೂಡಲೇ, ಕಪ್ಪನ್ನೂ ಬಿಟ್ಟು ಕೂತರು! ನನ್ನ ಸ್ವಂತ ಮಕ್ಕಳು ಹೀಗೆ ಮಾತು ಕೇಳಿದ್ದುಂಟಾ? ಮುಹೂರ್ತ ನೋಡಿ ಮಾಷ್ಟ್ರೆ."

ಡಾಕ್ಟರು ಬೈಕು ತಳ್ಳಿಕೊಂಡು ಬಂದು ನನ್ನ ಕಿವಿಯಲ್ಲಿ, "ಅವರು ಎಂತ ಕೂಗಿದ್ದು? ಇಂಜಿನಿನ ಸದ್ದಲ್ಲಿ ಒಂದೂ ಕೇಳಲಿಲ್ಲ" ಅಂದರು. ನಾನು ಹೇಳಿದೆ. ಅವರು ಟಯರು ನೋಡಿದರು, ಪಂಪು ನೋಡಿದರು. ನಾನು ಸೈಕಲ್ ಶಾಪಿನವನ ಕುತ್ತಿಗೆ ಹಿಡಿಯಲಿಕ್ಕೆ ಹೊರಟರೆ, ಡಾಕ್ಟರು ಹೋಗಿ ಅವನ ಎರಡೂ ಕೈ ಹಿಡಿದುಕೊಂಡರು.

ಮದುವೆಗೆ ಮೊದಲ ಕರೆಯೋಲೆ ಅವನಿಗೇ ಹೋಯಿತು. ಅವನೂ ಬಂದ. ಊಟಕ್ಕೆ ಎಲೆ ಹಾಕಿದ್ದಾರೆ, ಇವ ಕಾಣುದಿಲ್ಲ. ಹುಡುಕಿದರೆ ಚಪ್ಪರದ ಹಿಂದೆ ಮದುಮಗನ ಬೈಕಿಗೆ ಪಂಪು ಹೊಡೀತಾ ಇದ್ದಾನೆ!

ನಾನು ಸಿಟ್ಟಿನಿಂದ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಪಕ್ಕದಲ್ಲಿದ್ದ ಮದುಮಗಳನ್ನು ನೋಡಿ ನಕ್ಕು, "ಹೊಡೆಯಲಿ ಬಿಡಿ ಮಾರಾಯ್ರೆ. ಅವನ ಗಾಳಿ ನಮಗೆ ಆಗಿಬರ್ತದೆ" ಅಂದರು.