ಎಡತೋಳು ತೋರಿಸದವರಿಗೆ ಕಾಫಿ ಇಲ್ಲ

ನಮ್ಮ ಸೋದರತ್ತೆ ಇಷ್ಟು ವರ್ಷಗಳಲ್ಲಿ ಮನೆಗೆ ಬಂದ ಯಾರ ಮುಖವನ್ನೂ ಮೊದಲು ನೋಡಿದವಳಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು! ಬಂದವರು ಎಂಎಲ್ಎ ಆಗಿರಲಿ, ಗ್ಯಾಸ್ ಸಿಲಿಂಡರ್ ತಂದವನಾಗಿರಲಿ, ಅವಳ ಕಣ್ಣು ಮೊದಲು ಹೋಗುವುದು ಎಡತೋಳಿಗೆ. ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ಚುಚ್ಚುಮದ್ದು ಭುಜದ ಕೆಳಗೆ ಸಣ್ಣದೊಂದು ಗುಳಿ ಬಿಟ್ಟುಹೋಗಿರುತ್ತದಲ್ಲ, ಅದು ಕಂಡರೆ ಆಸಾಮಿ ಪಾಸು. ಕಾಣದಿದ್ದರೆ ಕಾಫಿ ತಡವಾಗುತ್ತದೆ. ಚುಚ್ಚಿಸಿಕೊಂಡರೂ ಕೆಲವರಿಗೆ ಗುಳಿ ಬೀಳುವುದಿಲ್ಲ ಎಂದು ಡಾಕ್ಟರುಗಳು ಹೇಳುತ್ತಾರೆ. ಪಾಪ, ಅಂಥವರು ನಮ್ಮತ್ತೆಯ ಮನೆಗೆ ಬರುವಾಗ ಹೆತ್ತ ತಾಯಿಯನ್ನು ಸಾಕ್ಷಿಗೆ ಕರೆತರುವುದು ಒಳ್ಳೆಯದು.

ಅತ್ತೆಯ ಮನೆ ಶೆಟ್ಟಿಹಳ್ಳಿಯಲ್ಲಿ. ಅದು ನಿಜವಾದ ಹಳ್ಳಿಯಾಗಿದ್ದಾಗಲೂ ಅಲ್ಲೇ ಇದ್ದಳು, ಸುತ್ತ ಅಪಾರ್ಟ್‌ಮೆಂಟುಗಳು ಎದ್ದ ಮೇಲೂ ಅಲ್ಲೇ ಇದ್ದಾಳೆ. ಊರೊಳಗೇ ಮದುವೆಯಾದವಳು, ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಬೇರೆ ಯಾವ ವಿಷಯದಲ್ಲೂ ಅವಳಿಗೆ ಹುಚ್ಚಿಲ್ಲ. ಸೀರೆ ಕೊಟ್ಟರೆ ಉಡುತ್ತಾಳೆ, ಧಾರಾವಾಹಿ ಹಾಕಿದರೆ ನೋಡುತ್ತಾಳೆ, ಸೊಸೆಯರ ಸುದ್ದಿ ಬಂದರೆ ಎಲ್ಲರಂತೆ ಕಿವಿ ಕೊಡುತ್ತಾಳೆ. ಆದರೆ ಮಕ್ಕಳ ಚುಚ್ಚುಮದ್ದು ಎಂದಿರೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದುಬಿಡುತ್ತಾಳೆ.

ಒಮ್ಮೆ ಅತ್ತೆಯ ಮಗಳು ರೇಖಾಳನ್ನು ನೋಡಲು ಕೆಂಪಾಪುರದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು ಬೆವರುತ್ತಾ ಕೂತಿದ್ದ. ಎಲ್ಲರೂ ಸಂಬಳ ಕೇಳುತ್ತಾರೆ, ಸೈಟಿದೆಯೇ ಎಂದು ಕೇಳುತ್ತಾರೆ. ನಮ್ಮತ್ತೆ ಅವನ ಮುಂದೆ ನಿಂತು, "ಎಡಗೈ ಅಂಗಿ ಒಸಿ ಮ್ಯಾಕೆತ್ತಪ್ಪ" ಅಂದಳು!

ಹುಡುಗನ ತಾಯಿ ಗಾಬರಿಯಾಗಿ, "ಅಯ್ಯೋ, ನಮ್ ಹುಡುಗ ಹಚ್ಚೆಗಿಚ್ಚೆ ಏನೂ ಹಾಕಿಸ್ಕೊಂಡಿಲ್ಲ ಕಣ್ರೀ! ಹಳೇ ಲವ್ವು ಪವ್ವು ಏನೂ ಇಲ್ಲ!" ಎಂದರು.

"ಹಚ್ಚೆ ಇದ್ರೆ ಇರ್ಲಿ ಬಿಡಿ, ಅದ್ರಿಂದ ಯಾರಿಗೂ ಜ್ವರ ಬರಲ್ಲ" ಎಂದು ಅತ್ತೆ ಹುಡುಗನ ತೋಳು ಹಿಡಿದು, ಗುಳಿಯ ಮೇಲೆ ಹೆಬ್ಬೆರಳು ಆಡಿಸಿದಳು. ಮುಖ ಅರಳಿತು. "ಸರ್ಯಾಗೈತೆ. ರೇಖಾ, ಕಾಫಿ ತತ್ತಾರವ್ವ." ಜಾತಕದಲ್ಲಿ ಕೂಡಿಬರದಿದ್ದ ಎಷ್ಟೋ ಸಂಗತಿಗಳು ಆ ಗುಳಿಯಲ್ಲಿ ಕೂಡಿಬಂದವು. ಆ ಹುಡುಗನೇ ಈಗ ನಮ್ಮ ಅಳಿಯ.

ನಾವು ಚಿಕ್ಕವರಿದ್ದಾಗ ಗುರುವಾರ ಬಂತೆಂದರೆ ಬೀದಿಯ ಮಕ್ಕಳೆಲ್ಲ ಮಾಯ. ಗುರುವಾರ ಆರೋಗ್ಯ ಕೇಂದ್ರದಲ್ಲಿ ಚುಚ್ಚುಮದ್ದಿನ ದಿನ. ಐದು ತುಂಬಿದವರು, ಹತ್ತು ತುಂಬಿದವರು, ಯಾರ ಸರದಿ ಯಾವಾಗ ಎಂದು ಅತ್ತೆಗೆ ಬಾಯಿಪಾಠ. ನಾನು ಒಮ್ಮೆ ಕುರಿಕೊಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದೆ. ಕುರಿಗಳ ನಡುವೆ ಕುರಿಯಂತೆ ಕೂತಿದ್ದವಳನ್ನು ಅತ್ತೆ ಜಡೆ ನೋಡಿ ಗುರುತು ಹಿಡಿದಳು! ಅಲ್ಲಿಂದ ಮೆರವಣಿಗೆ. ಕಂಕುಳಲ್ಲೊಂದು ಕೂಸು, ಕೈಯಲ್ಲೊಂದು, ಹಿಂದೆ ಮೂಗು ಸೋರಿಸುತ್ತಾ ನಾವು. ತಾಯಂದಿರು ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಒಳಗೆ ಬರುವ ಧೈರ್ಯ ಒಬ್ಬರಿಗೂ ಇರಲಿಲ್ಲ.

ಅತ್ತೆ ಮಾತ್ರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಲ್ಲ ಹಿಡಿದು ಮುಖ ತಿರುಗಿಸಿ, "ಅಗಾ ನೋಡು, ಕಿಟ್ಕಿ ಆಚೆ ಕೋತಿ!" ಎನ್ನುತ್ತಿದ್ದಳು. ಕಿಟಕಿಯಾಚೆ ಇದ್ದದ್ದು ಒಂದು ಹೊಂಗೆಮರ, ಒಂದು ಸೋರುವ ನಲ್ಲಿ. ಕೋತಿ ಒಂದು ದಿನವೂ ಇರಲಿಲ್ಲ. ಆದರೂ ಅವಳೇ ಕಣ್ಣು ಕೀಳದೆ ಅತ್ತ ನೋಡುತ್ತಿದ್ದಳಾದ್ದರಿಂದ ನಾವೂ ನೋಡುತ್ತಿದ್ದೆವು. ಎಂಥಾ ನಟನೆ! ಕೋತಿ ಹುಡುಕುವಷ್ಟರಲ್ಲಿ ಸೂಜಿಯ ಕೆಲಸ ಮುಗಿದಿರುತ್ತಿತ್ತು. ನಮ್ಮ ಬೀದಿಯ ಒಂದು ಮಗುವೂ ಅವಳ ಕೈ ತಪ್ಪಿಸಿಕೊಳ್ಳಲಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತದೆ, ಕ್ಷಮಿಸಿ.

ಮೊಬೈಲ್ ಬಂದ ಮೇಲೆ ಅತ್ತೆಯ ಆಡಳಿತ ಇನ್ನೂ ವಿಸ್ತಾರವಾಯಿತು. ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಬೇರೆಯವರು ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಹಾಕಿದರೆ, ಅತ್ತೆ ಹಾಕುವುದು ಮಕ್ಕಳ ಚುಚ್ಚುಮದ್ದಿನ ಕಾರ್ಡಿನ ಫೋಟೊ! ಯಾರ ಮನೆಗೆ ಹೋದರೂ ನೀರು ಕುಡಿಯುವ ಮುಂಚೆ ಕಾರ್ಡು ತರಿಸಿ ಫೋಟೊ ಹೊಡೆಯುತ್ತಾಳೆ. ಒಂದೊಂದರಲ್ಲಿ ಅವಳ ಹೆಬ್ಬೆರಳೇ ಅರ್ಧ ಇರುತ್ತದೆ. ಅಳಿಯ ಓದಿದವನು, ಮೆಲ್ಲಗೆ ತಿಳಿಹೇಳಲು ಹೋದ.

"ಅತ್ತೆ, ಇವೆಲ್ಲ ಪ್ರೈವೇಟ್ ವಿಷ್ಯ. ಹಿಂಗೆ ಎಲ್ರಿಗೂ ಶೇರ್ ಮಾಡ್ಬಾರ್ದು."

"ಏನ್ ಮಹಾ ಪ್ರೈವೇಟಪ್ಪ? ಈ ಮಕ್ಳೆಲ್ಲ ಬೀದೀಲಿ ಬೆತ್ತಲೆ ಓಡಾಡ್ದಾಗ ಯಾರ್ ಕೇಳಿದ್ರು?"

"ಆದ್ರೂ ಅವರಮ್ಮನ್ನ ಒಂದ್ ಮಾತು ಕೇಳ್ಬೇಕಲ್ವಾ?"

ಈ ಮಾತು ಅತ್ತೆಗೆ ಹಿಡಿಸಿತು. ಮಾರನೆಯ ದಿನದಿಂದ ಪ್ರತಿ ಕಾರ್ಡಿನ ಕೆಳಗೂ ಒಂದು ಧ್ವನಿಸಂದೇಶ: "ಇದ್ರ ಅವ್ವ ಊಂ ಅಂದವ್ಳೆ." ಹಿಂದೆಯೇ ಆ ತಾಯಿಯ ಸಣ್ಣ ದನಿ, "ಊಂ." ನಗಬೇಡಿ. ನನ್ನ ತಂಗಿ ಸಹಕಾರನಗರಕ್ಕೆ ಮನೆ ಬದಲಾಯಿಸುವಾಗ ಮಗನ ಕಾರ್ಡು ಯಾವ ಡಬ್ಬ ಸೇರಿತೋ ದೇವರಿಗೇ ಗೊತ್ತು. ಶಾಲೆಯವರು ಅದಿಲ್ಲದೆ ದಾಖಲಾತಿ ಆಗುವುದಿಲ್ಲ ಎಂದು ಕೂತರು. ತಂಗಿ ಅಳುತ್ತಾ ಗುಂಪಿನಲ್ಲಿ ಹುಡುಕಿದರೆ ಪೋಲಿಯೊ, ದಡಾರ ಎಲ್ಲವೂ ತಾರೀಖಿನ ಸಮೇತ ಅಲ್ಲೇ ಇದ್ದವು, ಅತ್ತೆಯ ಹೆಬ್ಬೆರಳಿನ ಪಕ್ಕದಲ್ಲಿ.

ಹೀಗಿರುವಾಗ ರೇಖಾ ಹೆರಿಗೆಗೆಂದು ತವರಿಗೆ ಬಂದಳು. ಅತ್ತೆ ಸೀಗೆಪುಡಿ, ಬಜೆ, ಹರಳೆಣ್ಣೆ ಎಲ್ಲ ಹೊಂದಿಸಿಕೊಂಡು ಬಾಣಂತನಕ್ಕೆ ಸಿದ್ಧವಾಗಿದ್ದಳು. ಮಗು ಮಾತ್ರ ಯಾರನ್ನೂ ಕೇಳದೆ ತಿಂಗಳು ತುಂಬುವ ಮೊದಲೇ ಬಂದುಬಿಟ್ಟಿತು. ಹೆಣ್ಣುಮಗು, ಅಂಗೈಗಿಂತ ಒಂಚೂರು ದೊಡ್ಡದು. ಹೆಬ್ಬಾಳದ ಆಸ್ಪತ್ರೆಯಲ್ಲಿ ಕೆಲವು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟು, ತೂಕ ಬಂದ ಮೇಲೆ ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದರು: "ಇದಕ್ಕೆ ಶಕ್ತಿ ಕಡಿಮೆ. ಎತ್ತಾಡಿಸೋರೆಲ್ಲ ಫ್ಲೂ, ನಾಯಿಕೆಮ್ಮಿನ ಚುಚ್ಚುಮದ್ದು ಹಾಕಿಸ್ಕೊಳ್ಳಿ. ಹಾಕಿಸ್ಕೊಂಡು ಎರಡು ವಾರ ಆದ್ಮೇಲೆ ಮಗು ಮುಟ್ಟಿ. ದೊಡ್ಡೋರ ಕೆಮ್ಮೇ ಇಂಥ ಮಕ್ಕಳಿಗೆ ಅಪಾಯ."

ಹೇಳಬೇಕೆ? ಅತ್ತೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನನ್ನ ಕೈಯಲ್ಲೇ ಬರೆಸಿ ಗೇಟಿಗೆ ಕಟ್ಟಿದಳು: "ಚುಚ್ಚುಮದ್ದು ಹಾಕಿಸಿಕೊಳ್ಳದವರು ಮಗು ಮುಟ್ಟುವಂತಿಲ್ಲ. ಇದು ಎಲ್ಲರಿಗೂ." 'ಎಲ್ಲರಿಗೂ' ಎಂಬುದರ ಕೆಳಗೆ ಗೆರೆ ಎಳೆಸಿದ್ದೂ ಅವಳೇ. ಕೆಂಪಾಪುರದಿಂದ ಬೀಗರು ರೇಷ್ಮೆ ಪಂಚೆ ಉಟ್ಟು, ಲಾಡಿನ ಡಬ್ಬ ಹಿಡಿದು ಬಂದರು. ಅತ್ತೆ ಗೇಟು ತೆಗೆಯಲಿಲ್ಲ!

"ಏನಮ್ಮ ಇದು, ನಮ್ ಮೊಮ್ಮಗಳನ್ನ ನಾವು ನೋಡ್ಬಾರ್ದಾ? ನಾವೇನ್ ರೋಗ ಹೊತ್ಕೊಂಡ್ ಬಂದಿದೀವಾ?"

"ಸಿಟ್ಟಾಗ್ಬ್ಯಾಡಿ ಬೀಗ್ರೆ. ಆ ಬೇವಿನ್ಮರದ ನೆಳ್ಳಲ್ಲಿ ಕುರ್ಚಿ ಆಕ್ಸೀನಿ, ಉಪ್ಪಿಟ್ಟು ಅಲ್ಗೇ ತತ್ತೀನಿ. ಮಗೂನ ವಿಡಿಯೋದಾಗೆ ನೋಡಿ."

ಬೀಗರು ಬೀದಿಯಲ್ಲಿ ಕೂತು, ಗೋಡೆಯಾಚೆಗಿನ ಮೊಮ್ಮಗಳನ್ನು ಫೋನಿನಲ್ಲಿ ನೋಡುತ್ತಾ ಉಪ್ಪಿಟ್ಟು ತಿಂದರು. ಎರಡು ದಿನ ಮುನಿಸು. ಮೂರನೆಯ ದಿನ ಗುಂಪಿನಲ್ಲಿ ಅವರ ಫೋಟೊ ಬಂತು: ತೋಳು ಮೇಲೆತ್ತಿ, ಹತ್ತಿ ಒತ್ತಿಕೊಂಡು, ಕೈಯಲ್ಲಿ ಚುಚ್ಚುಮದ್ದಿನ ಚೀಟಿ. ಕೆಳಗೆ, "ಈಗಲಾದರೂ ಗೇಟು ತೆಗೆಯಿರಿ." ಅಲ್ಲಿಗೆ ಎಲ್ಲರಿಗೂ ಉಮೇದು ಬಂತು. ನಾನು, ತಂಗಿ, ದೊಡ್ಡಪ್ಪ, ಚಿಕ್ಕಮ್ಮ, ಒಬ್ಬರಾದ ಮೇಲೊಬ್ಬರು ಚೀಟಿ ಹಾಕಿದ್ದೇ ಹಾಕಿದ್ದು. ಮದುವೆ ಫೋಟೊಗೂ ನಮ್ಮ ಮನೆತನದವರು ಇಷ್ಟು ಒಗ್ಗಟ್ಟಾಗಿ ನಿಂತವರಲ್ಲ.

ಒಂದು ತೋಳು ಮಾತ್ರ ಗುಂಪಿನಲ್ಲಿ ಕಾಣಲಿಲ್ಲ. ಮೊದಲು ಗಮನಿಸಿದವನು ಅಳಿಯ. "ಅತ್ತೆ, ನಿಮ್ದು?"

ಅಂದು ಅಮಾವಾಸ್ಯೆ ಅಂದಳು. ಮರುದಿನ ಅವರೆಕಾಯಿ ಸುಲಿಯುವುದಿತ್ತು. ಅದರ ಮರುದಿನ ಮಂಡಿನೋವು. ತೋಳಿಗೂ ಮಂಡಿಗೂ ಏನು ಸಂಬಂಧ ಎಂದು ಕೇಳಿದರೆ, "ನಿಂಗೇನ್ ಗೊತ್ತು, ಎಲ್ಲ ಒಂದೇ ಮೈಯಲ್ವಾ?" ಎಂದಳು. ಆದರೆ ನಮ್ಮತ್ತೆಯ ನಿಯತ್ತು ನೋಡಿ. ಯಾರೂ ತಡೆಯದಿದ್ದರೂ ಅವಳು ತನ್ನ ನಿಯಮವನ್ನು ತಾನು ಮುರಿಯಲಿಲ್ಲ. ಊರಿನ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ಎರೆದವಳು, ಸ್ವಂತ ಮೊಮ್ಮಗಳನ್ನು ಮುಟ್ಟದೆ ಹೊಸ್ತಿಲಾಚೆ ನಿಂತಳು. ಚುಚ್ಚಿಸಿಕೊಂಡು ಎರಡು ವಾರ ತುಂಬಿದ ಮೇಲೆ ಬೀಗಿತ್ತಿ ಬಂದು, ಕಾಲು ನೀಡಿ ಮಗುವನ್ನು ಮಲಗಿಸಿಕೊಂಡು ನೀರು ಹಾಕುವಾಗ, ಇವಳು ದೂರದಿಂದಲೇ, "ನೆತ್ತಿಗೆ ಮೆತ್ತಗೆ... ಕಿವಿಗೆ ನೀರ್ ಓಗ್ದಂಗೆ..." ಎನ್ನುತ್ತಾ ಗಾಳಿಯಲ್ಲೇ ಕೈ ಆಡಿಸುತ್ತಿದ್ದಳು. ಮೊದಲ ದಿನ ನಾವೆಲ್ಲ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ.

ಮರುದಿನವೇ ಆಟೊ ತರಿಸಿ ಅವಳನ್ನು ಕೂರಿಸಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಹೊರಟೆ. ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತವಳು ಸುತ್ತ ಒಮ್ಮೆ ನೋಡಿ, ನನ್ನ ಮುಂಗೈ ಬಿಗಿಯಾಗಿ ಹಿಡಿದುಕೊಂಡಳು.

"ಕಿಟ್ಕಿ ಎಲ್ಲೇ?"

"ಏಸಿ ರೂಮು ಅತ್ತೆ, ಕಿಟ್ಕಿ ಇಲ್ಲ."

"ಕಿಟ್ಕಿ ಇಲ್ದೆ ಎಂಗೆ ಚುಚ್ಚುಸ್ಕೊಳೋದೆ?"

ಆಗ ನನಗೆ ತಿಳಿಯಿತು ನೋಡಿ. "ಅತ್ತೆ, ನಿಂಗೆ ಸೂಜಿ ಅಂದ್ರೆ ಭಯಾನಾ?"

"ನಿಮ್ಮನ್ನ ಅಷ್ಟ್ ಸಲ ಕರ್ಕೊಂಡ್ ಓದ್ನಲ್ಲ, ಒಂದ್ ದಿನಾನೂ ಸೂಜಿ ಕಡೆ ನೋಡಿಲ್ಲ ಕಣೆ. ಕೋತಿ ನಿಮ್ಗಲ್ಲ, ನಂಗೆ!"

"ಮತ್ಯಾಕೆ ಒಳಗೆ ಬರ್ತಿದ್ದೆ?"

"ನಿಮ್ಮವ್ವಂದ್ರೆಲ್ಲ ಆಚೆ ನಿಂತ್ಕೊಂಡು ಅಳೋರು. ಯಾರಾನ ಒಬ್ರು ಇಡ್ಕೋಬೇಕಲ್ಲ."

ನಮ್ಮನ್ನೆಲ್ಲ ತೊಡೆಯ ಮೇಲೆ ಕೂರಿಸಿಕೊಂಡು ಧೈರ್ಯ ಹೇಳಿದ ಹೆಂಗಸು ನಮಗಿಂತ ಹೆಚ್ಚು ನಡುಗುತ್ತಿದ್ದಳು! ಗುರುವಾರದ ಮೇಲೆ ಗುರುವಾರ ನಡುಗುತ್ತಲೇ ಬಂದಳು. ಇಂಥವಳು ನನ್ನ ಅತ್ತೆ! ನಾನು ನರ್ಸಮ್ಮನ ಸೂಜಿ ಕಾಣದಂತೆ ಅಡ್ಡ ನಿಂತು, ಅತ್ತೆಯ ಗಲ್ಲ ಹಿಡಿದು, "ನನ್ ಮುಖ ನೋಡು ಅತ್ತೆ" ಅಂದೆ. ನೋಡಿದಳು. ನನ್ನ ಮುಂಗೈ ಮೇಲೆ ಅವಳ ಉಗುರಿನ ಗುರುತು ಸಂಜೆಯವರೆಗೂ ಇತ್ತು. ಮನೆಗೆ ಬರುವ ಮೊದಲೇ ಗುಂಪಿನಲ್ಲಿ ಅವಳ ತೋಳಿನ ಫೋಟೊ ಬಿತ್ತು, ಜೊತೆಗೆ ಧ್ವನಿಸಂದೇಶ: "ಇದ್ರ ಅಜ್ಜಿ ಊಂ ಅಂದವ್ಳೆ." ಎರಡು ವಾರ ಕಳೆದ ಬೆಳಿಗ್ಗೆ ಅತ್ತೆ ಹೊಸ್ತಿಲು ದಾಟಿ ಕಾಲು ನೀಡಿ ಕೂತು, ಮೊಮ್ಮಗಳನ್ನು ಮಲಗಿಸಿಕೊಂಡು ಎರೆದಳು. ಯಾರಿಗೂ ಒಂದು ಸೂಚನೆಯನ್ನೂ ಕೊಡಲಿಲ್ಲ.

ಆಮೇಲೊಂದು ಗುರುವಾರ ಮಗುವಿನ ಸ್ವಂತ ಸರದಿ ಬಂತು. ಅದೇ ಹಳೆಯ ಆರೋಗ್ಯ ಕೇಂದ್ರ. ಬಾಗಿಲ ಹತ್ತಿರ ರೇಖಾ ಕಣ್ಣು ತುಂಬಿಕೊಂಡು, "ನನ್ ಕೈಲಾಗಲ್ಲಮ್ಮ, ನೀನೇ ಹಿಡ್ಕೋ" ಅಂದಳು. ಅತ್ತೆ ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಅವಳ ಕುತ್ತಿಗೆಯ ನರ ಬಿಗಿದದ್ದು ಈ ಸಲ ನನಗೆ ಕಂಡಿತು. ನಾನು ಹಿಂದೆ ಹೋಗಲಿಲ್ಲ. ಕಟ್ಟಡ ಸುತ್ತಿ ಹಿಂಬದಿಗೆ ಓಡಿ, ಹೊಂಗೆಮರದ ಕೆಳಗೆ, ಕಿಟಕಿಗೆ ಎದುರಾಗಿ ನಿಂತು, ಎರಡು ಕಿವಿ ಹಿಡಿದೆಳೆದುಕೊಂಡು ಹಲ್ಲು ಕಿರಿದೆ.

ಅತ್ತೆ ತಲೆಯೆತ್ತಿದಳು. ನನ್ನನ್ನು ಕಂಡಳು. ಬಿಗಿದಿದ್ದ ಮುಖ ಸಡಿಲಾಯಿತು. ಮಗುವಿನ ಕಿವಿಗೆ ಬಾಗಿ, ನನ್ನ ಕಡೆ ಬೆರಳು ಮಾಡಿ ಹೇಳಿದಳು: "ಅಗಾ ನೋಡವ್ವ, ಕಿಟ್ಕಿ ಆಚೆ ಕೋತಿ!"

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅತ್ತೆ ಸುಳ್ಳು ಹೇಳಲಿಲ್ಲ.